ಮಂಡಕ್ಕಿ ಹಾಕಿದ ಕೈಯಲ್ಲಿ ಗಾಳ

"ತಿನ್ನೋದಾದ್ರೆ ಹಸಿವು ಅಂತಾದ್ರೂ ಹೇಳ್ಬಹುದಿತ್ತು. ನೀನು ತಿನ್ನೋದೂ ಇಲ್ಲ. ಹಿಡಿಯೋದು, ಮತ್ತೆ ಬಿಡೋದು. ಎಂತಕ್ಕೆ ಮಾರಾಯ ಅದು?"

ಎರಡು ವರ್ಷದ ಹಿಂದೆ, ನಾನು ಮೊದಲ ಸಲ ಫ್ಲೈ ರಾಡ್ ಕೊಂಡಾಗ ಅಮ್ಮ ವಿಡಿಯೊ ಕಾಲ್‌ನಲ್ಲಿ ಕೇಳಿದ ಪ್ರಶ್ನೆ ಇದು. ನಕ್ಕು ಮಾತು ತಿರುಗಿಸಿದ್ದೆ. ಈ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ ಗಂಭೀರವಾಗಿ ಅನ್ನಿಸಿದ್ದು ಕಳೆದ ಸೆಪ್ಟೆಂಬರ್‌ನಲ್ಲಿ. ಅದೂ ದುಡ್ಡು ಕೊಟ್ಟು ಗೈಡ್ ಜೊತೆ ಹೋಗಿ ಹೊಸ ವಿದ್ಯೆಗಳನ್ನೆಲ್ಲ ಕಲಿತ ದಿನ.

ನಮ್ಮ ಮನೆ ಶೃಂಗೇರಿ ಹತ್ತಿರ. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕದೆ ಬೆಳೆದ ಮಕ್ಕಳು ನಮ್ಮ ಕಡೆ ಇಲ್ಲ. ಕೈ ನೀರಿಗೆ ಇಳಿಸಿದರೆ ಬೆರಳಿಗೇ ಬಾಯಿ ಹಾಕುವಷ್ಟು ಸಲಿಗೆಯ ದೊಡ್ಡ ದೊಡ್ಡ ಮೀನುಗಳು. ಅವನ್ನು ಹಿಡಿಯುವ ಮಾತು ಯಾರೂ ಆಡುವುದಿಲ್ಲ. ಅಂಥ ಊರಿನಿಂದ, ತಲೆತಲಾಂತರದ ಸಸ್ಯಾಹಾರಿ ಮನೆಯಿಂದ ಬಂದವನು ನಾನು. ಎಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ಎಂಎಸ್ ಮಾಡಿ, ಈಗ ಕೊಲೊರಾಡೊದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಕೆಲಸ ಅಂದರೆ ಮನೆಯ ಒಂದು ಮೂಲೆಯ ಟೇಬಲ್ಲು, ಎರಡು ಸ್ಕ್ರೀನು. ದಿನಕ್ಕೆ ಹತ್ತು ತಾಸು ಕೂತು ಎದ್ದರೆ, ಬೆಳಗಿನಿಂದ ಒಬ್ಬ ಮನುಷ್ಯನ ಜೊತೆಗೂ ಎದುರಾಎದುರು ಮಾತಾಡಿಲ್ಲ ಅನ್ನೋದು ಗೊತ್ತಾಗುತ್ತಿತ್ತು. ಸಹೋದ್ಯೋಗಿಯೊಬ್ಬ ಒಂದು ಶನಿವಾರ ಹೊಳೆಗೆ ಎಳೆದುಕೊಂಡು ಹೋದ. ನಾಲ್ಕು ತಾಸು ಫೋನ್ ನೋಡಲಿಲ್ಲ. ನೋಡಬಾರದು ಅಂತ ತಡೆದುಕೊಂಡದ್ದಲ್ಲ, ನೆನಪೇ ಆಗಲಿಲ್ಲ. ಅಷ್ಟೇ, ಹುಚ್ಚು ಹಿಡಿಯಿತು.

ಆಮೇಲಿನ ಎರಡು ವರ್ಷ ಯೂಟ್ಯೂಬ್ ನನ್ನ ಗುರು. ಎಷ್ಟು ಕಲಿತೆ ಅಂದರೆ, ಗಂಟು ಹಾಕುವುದು ಬಂತು, ಮರಕ್ಕೆ ಸಿಕ್ಕಿಸುವುದು ಬಂತು, ಮೀನು ಮಾತ್ರ ತಿಂಗಳಿಗೊಂದು ಬಂದರೆ ಹೆಚ್ಚು. ಮೂವತ್ತನೇ ಹುಟ್ಟುಹಬ್ಬಕ್ಕೆ ನನಗೆ ನಾನೇ ಉಡುಗೊರೆ ಕೊಟ್ಟುಕೊಂಡೆ. ಇಡೀ ದಿನಕ್ಕೆ ಒಬ್ಬ ಗೈಡ್. ಹತ್ತಿರ ಹತ್ತಿರ ಐನೂರು ಡಾಲರ್, ಮೇಲೆ ಟಿಪ್ಸ್ ಬೇರೆ. ರೂಪಾಯಿಗೆ ಲೆಕ್ಕ ಹಾಕಬಾರದು ಅಂತ ಎಷ್ಟು ಅಂದುಕೊಂಡರೂ ಕೈ ತಾನಾಗಿ ಕ್ಯಾಲ್ಕ್ಯುಲೇಟರ್‌ಗೆ ಹೋಯಿತು.

ಕಲ್ಲು ಎತ್ತಿ ನೋಡು

ಜಾಗ ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಕಣಿವೆ. 1905ರಲ್ಲಿ ಕಟ್ಟಿ ಮುಗಿಸಿದ ಚೀಸ್‌ಮನ್ ಅಣೆಕಟ್ಟೆಯ ಕೆಳಗೆ ಬರುತ್ತದೆ. ಅಣೆಕಟ್ಟೆಯ ತಳದಿಂದ ಬಿಡುವ ನೀರು ಬೇಸಿಗೆಯಲ್ಲೂ ಐಸ್‌ನಂತೆ ತಣ್ಣಗಿರುತ್ತದೆ, ಗಾಜಿನಷ್ಟು ತಿಳಿ. ಟ್ರೌಟ್ ಮೀನಿಗೆ ಬೇಕಾದದ್ದೂ ಅದೇ. ಅದಕ್ಕೇ ಇಲ್ಲಿ ಮೀನು ಬಹಳ. ಆದರೆ ಕಾಲುದಾರಿಯಲ್ಲಿ ನಡೆದು ಒಳಗೆ ಹೋಗಬೇಕು, ಹಿಡಿದ ಪ್ರತಿ ಟ್ರೌಟನ್ನೂ ಅಲ್ಲೇ ಬಿಡಬೇಕು ಅನ್ನುವುದು ಕಾನೂನು. ಪ್ರತಿಯೊಂದು ಮೀನೂ ಎಷ್ಟೋ ಸಲ ಸಿಕ್ಕಿಬಿದ್ದು ಪಾಠ ಕಲಿತದ್ದು. ಸುಳ್ಳು ನೊಣ ಯಾವುದು, ನಿಜದ್ದು ಯಾವುದು ಅನ್ನೋದು ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಕಣಿವೆಯ ಎರಡೂ ಕಡೆ ಬೋಳು ಗುಡ್ಡಗಳು. 2002ರ ಜೂನ್‌ನಲ್ಲಿ ಹೇಮನ್ ಕಾಳ್ಗಿಚ್ಚು ಇಲ್ಲಿ ಸುಮಾರು 1,38,000 ಎಕರೆ ಸುಟ್ಟಿತು. ಇಪ್ಪತ್ತು ವರ್ಷ ದಾಟಿದರೂ ಕರಕಲಾದ ಮರದ ಬೊಡ್ಡೆಗಳು ಹಾಗೇ ನಿಂತಿವೆ.

ಗೈಡ್ ಐವತ್ತು ದಾಟಿದ ಹೆಂಗಸು. ಹಿಂದೆ ಶಾಲೆಯಲ್ಲಿ ವಿಜ್ಞಾನ ಟೀಚರ್ ಆಗಿದ್ದರಂತೆ. ನಾನು ಉತ್ಸಾಹದಲ್ಲಿ ರಾಡ್ ಜೋಡಿಸತೊಡಗಿದರೆ "ಅದು ಆಮೇಲೆ" ಅಂದರು. ಮೊಣಕಾಲು ನೀರಿಗೆ ಇಳಿಸಿ, ತಳದಿಂದ ಒಂದು ಕಲ್ಲು ಎತ್ತಿಸಿದರು. ಅಡಿಭಾಗ ನೋಡಿದರೆ ಅಲ್ಲೊಂದು ಪೇಟೆ! ಮೂರು ಬಾಲದ ಮೇಫ್ಲೈ ಮರಿಗಳು ಓಡಾಡುತ್ತಿವೆ. ಕ್ಯಾಡಿಸ್ ಹುಳುಗಳು ಸಣ್ಣ ಸಣ್ಣ ಮರಳ ಹರಳು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡಿವೆ. ದಾರದ ಚೂರಿನಂಥ ಮಿಡ್ಜ್ ಹುಳುಗಳು. ಟ್ರೌಟ್‌ನ ಊಟದಲ್ಲಿ ಹೆಚ್ಚಿನ ಪಾಲು ನೀರಿನ ಮೇಲಲ್ಲ, ಒಳಗೆ ನಡೆಯುತ್ತದೆ. ನಾನು ಎರಡು ವರ್ಷ ಈ ಹೊಳೆಗಳಲ್ಲಿ ನಿಂತಿದ್ದೆ, ಒಂದು ಕಲ್ಲನ್ನೂ ಎತ್ತಿ ನೋಡಿರಲಿಲ್ಲ. ಲಾಗ್ ಓದದೆ ಬಗ್ ಸರಿಮಾಡಲು ಹೊರಟವನ ಕಥೆ.

ಆಮೇಲೆ ಅವರು ಪೆಟ್ಟಿಗೆಯಿಂದ ತೆಗೆದ ನೊಣ ಜೀರಿಗೆ ಕಾಳಿನಷ್ಟಿತ್ತು. 22ನೇ ನಂಬರಿನ ಕೊಕ್ಕೆ. ಬೂದು ಬಣ್ಣದ ಮೈ, ಎರಡು ಎಳೆ ಬಾಲ, ಬೆನ್ನ ಮೇಲೆ ಗರಿಯ ಒಂದು ಸಣ್ಣ ಕುಚ್ಚು. ಅದರ ಹೆಸರು ಆರ್‌ಎಸ್2. ಕೊರಿಯಾದಿಂದ ಬಂದು ಕೊಲೊರಾಡೊದಲ್ಲಿ ನೆಲೆಸಿದ ರಿಮ್ ಚಂಗ್ ಎನ್ನುವವರು ಇದೇ ಸೌತ್ ಪ್ಲಾಟ್‌ನ ಮೀನುಗಳಿಗಾಗಿ 1970ರ ದಶಕದಲ್ಲಿ ರೂಪಿಸಿದ್ದಂತೆ. ಈಗ ಈ ಕಡೆಯ ಪ್ರತಿ ಗಾಳಗಾರನ ಪೆಟ್ಟಿಗೆಯಲ್ಲೂ ಇದು ಇದ್ದೇ ಇರುತ್ತದೆ. ಎಲ್ಲಿಂದಲೋ ಬಂದವನೊಬ್ಬ ಒಂದು ಹೊಳೆಯನ್ನು ಇಷ್ಟು ಗಮನವಿಟ್ಟು ನೋಡಿದ್ದಾನಲ್ಲ ಅಂತ ಖುಷಿಯಾಯಿತು.

ಬೆಂಡು ಹೇಳುವ ಸುಳ್ಳು

ನನ್ನ ಪದ್ಧತಿ ಎಲ್ಲರ ಪದ್ಧತಿಯೇ ಆಗಿತ್ತು. ದಾರಕ್ಕೊಂದು ಸಣ್ಣ ಬೆಂಡು ಕಟ್ಟುವುದು, ಇಲ್ಲಿಯವರ ಭಾಷೆಯಲ್ಲಿ ಇಂಡಿಕೇಟರ್. ಅದು ಮುಳುಗಿದರೆ ರಾಡ್ ಎತ್ತುವುದು. ಗೈಡ್ ಐದು ನಿಮಿಷ ಸುಮ್ಮನೆ ನೋಡಿ, "ಈಗ ಎರಡು ಮೀನು ನಿನ್ನ ನೊಣ ಬಾಯಿಗೆ ಹಾಕಿಕೊಂಡು ಉಗಿದವು" ಅಂದರು. ನನಗೆ ಬೆಂಡು ಅಲುಗಿದ್ದೂ ಕಂಡಿರಲಿಲ್ಲ.

ವಿಷಯ ಸರಳ. ಹೊಳೆಯ ಮೇಲಿನ ನೀರು ವೇಗ, ತಳದ ನೀರು ಕಲ್ಲುಗಳಿಗೆ ಉಜ್ಜಿ ನಿಧಾನ. ಬೆಂಡು ಮೇಲಿನ ವೇಗದಲ್ಲಿ ಓಡುತ್ತಾ ತಳದ ನೊಣವನ್ನು ಎಳೆದುಕೊಂಡು ಹೋಗುತ್ತದೆ. ನಿಜವಾದ ಹುಳು ಹಾಗೆ ಓಡುವುದಿಲ್ಲ. ಮೀನಿಗೆ ಅನುಮಾನ ಬರುತ್ತದೆ. ಬಂದೂ ಬಾಯಿ ಹಾಕಿದರೆ, ದಾರದ ಸಡಿಲವೆಲ್ಲ ಬಿಗಿಯಾಗಿ ಬೆಂಡಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದು ಉಗಿದಾಗಿರುತ್ತದೆ.

ಅವರು ಬೆಂಡು ಬಿಚ್ಚಿ, ತಮ್ಮದೇ ಹತ್ತೂವರೆ ಅಡಿಯ ತೆಳು ರಾಡ್ ಕೊಟ್ಟರು. ಇದಕ್ಕೆ ಯೂರೊ ನಿಂಫಿಂಗ್ ಅನ್ನುತ್ತಾರೆ. ಪೋಲೆಂಡ್, ಚೆಕ್ ದೇಶಗಳ ಸ್ಪರ್ಧಾಳುಗಳಿಂದ ಜಗತ್ತಿಗೆ ಹರಡಿದ ವಿದ್ಯೆ. ತುದಿಯಲ್ಲಿ ಟಂಗ್‌ಸ್ಟನ್ ಮಣಿಯ ಭಾರದ ನೊಣ, ಅದಕ್ಕಿಂತ ಮೇಲೆ ನಮ್ಮ ಆರ್‌ಎಸ್2. ದಪ್ಪ ಲೈನು ನೀರಿಗೆ ತಾಗಲೇಬಾರದು. ದಾರದ ನಡುವೆ ಎದ್ದು ಕಾಣುವ ಬಣ್ಣದ ಒಂದು ತುಂಡು ಇರುತ್ತದೆ, ಸೈಟರ್ ಅಂತ. ರಾಡ್ ಎತ್ತರಕ್ಕೆ ಹಿಡಿದು, ತಳದ ನೀರಿನ ವೇಗಕ್ಕೇ ಕೈಯನ್ನು ಒಯ್ಯುತ್ತಾ ಆ ಬಣ್ಣದ ತುಂಡನ್ನೇ ನೋಡುತ್ತಿರಬೇಕು. ಅದು ನಿಂತರೆ, ನಡುಗಿದರೆ, ಸುಮ್ಮನೆ ಏನೋ ಬೇರೆ ಥರ ಅನ್ನಿಸಿದರೂ, ಮಣಿಕಟ್ಟು ತುಸು ತಿರುಗಿಸಿ ಕೆಳಹರಿವಿನ ಕಡೆಗೆ ಎಳೆಯಬೇಕು. ಮೀನು ಹರಿವಿಗೆ ಎದುರು ಮುಖಮಾಡಿ ನಿಂತಿರುವುದರಿಂದ ಹಾಗೆ ಎಳೆದರೆ ಕೊಕ್ಕೆ ಬಾಯಿಯ ಮೂಲೆಗೆ ಕೂರುತ್ತದೆ.

"ಅನುಮಾನ ಬಂದರೆ ಎಳಿ. ಎಳೆಯೋಕೆ ದುಡ್ಡಿಲ್ಲ" ಅಂದರು. ಕಲ್ಲಿಗೆ ಎಳೆದೆ, ಪಾಚಿಗೆ ಎಳೆದೆ, ಒಂದು ಹಳೇ ಕೊಂಬೆಗೆ ಎಳೆದೆ. ಮುಕ್ಕಾಲು ತಾಸಾದ ಮೇಲೆ ಒಂದು ಕಲ್ಲು ತಲೆ ಕೊಡವಿತು! ಹತ್ತು ಇಂಚಿನ ಬ್ರೌನ್ ಟ್ರೌಟ್, ಮೈಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆಗಳು. ಗೈಡ್ ಬಲೆಯನ್ನು ನೀರಲ್ಲೇ ಇಟ್ಟು, ಮುಳ್ಳಿಲ್ಲದ ಕೊಕ್ಕೆಯನ್ನು ಚಿಮಟದಲ್ಲಿ ಹಿಡಿದು ತಿರುಗಿಸಿದರು. ಮೀನು ಹೋಯಿತು. ಎಲ್ಲ ಸೇರಿ ಹತ್ತು ಸೆಕೆಂಡ್.

ಮಧ್ಯಾಹ್ನದ ಹೊತ್ತಿಗೆ ಇನ್ನೂ ನಾಲ್ಕು. ನನ್ನ ನಾಲ್ಕು ತಿಂಗಳ ಕೋಟಾ.

ಊಟಕ್ಕೆ ಬಂಡೆ ಮೇಲೆ ಕೂತಾಗ ಗೈಡ್ ಹೇಳಿದರು, ಈ ಹೊಳೆಯಲ್ಲಿ ನಾನು ಹಿಡಿದ ಯಾವ ಮೀನೂ ಇಲ್ಲಿಯದಲ್ಲ. ಬ್ರೌನ್ ಟ್ರೌಟ್‌ನ ಮೊಟ್ಟೆಗಳು ಜರ್ಮನಿಯಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂದದ್ದು 1883ರಲ್ಲಿ. ರೇನ್‌ಬೋ ಟ್ರೌಟ್ ಕ್ಯಾಲಿಫೋರ್ನಿಯಾ ಕಡೆಯದು. ಇಲ್ಲಿಯದೇ ಆದ ಗ್ರೀನ್‌ಬ್ಯಾಕ್ ಕಟ್‌ತ್ರೋಟ್ ಇವುಗಳ ಪೈಪೋಟಿಯಲ್ಲಿ, ಗಣಿಗಳ ವಿಷದಲ್ಲಿ ಬಹುಪಾಲು ಅಳಿಯಿತು. ಅದು ಕೊಲೊರಾಡೊದ ರಾಜ್ಯ ಮೀನು. ಆದರೆ ಅದರ ಅಸಲಿ ತಳಿ ಕೊಲೊರಾಡೊ ಸ್ಪ್ರಿಂಗ್ಸ್ ಹತ್ತಿರದ ಬೇರ್ ಕ್ರೀಕ್ ಎಂಬ ಒಂದೇ ಒಂದು ತೊರೆಯಲ್ಲಿ ಉಳಿದಿದೆ ಅಂತ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾದದ್ದು 2012ರಲ್ಲಿ. ಈಗ ಅದನ್ನು ಬೇರೆ ತೊರೆಗಳಿಗೆ ಬಿಟ್ಟು ಬೆಳೆಸುತ್ತಿದ್ದಾರೆ. ವಲಸೆ ಬಂದ ಮೀನು, ವಲಸೆ ಬಂದವನ ನೊಣ, ವೀಸಾದ ಮೇಲಿರುವ ನಾನು ಅಂತ ಮನಸ್ಸಿನಲ್ಲೇ ಒಂದು ಚಂದದ ಸಾಲು ಹೊಸೆಯುತ್ತಿದ್ದೆ. ಕಟ್‌ತ್ರೋಟ್ ಕಥೆ ಕೇಳಿದ ಮೇಲೆ ಆ ಸಾಲು ಅಷ್ಟು ಚಂದ ಅನ್ನಿಸಲಿಲ್ಲ.

ಇನ್ನೊಂದೇ ಒಂದು ಫೋಟೊ

ಊಟ ಆದ ಮೇಲೆ ಒಂದು ಬಂಡೆಯ ಹಿಂದೆ, ವೇಗದ ನೀರು ಮತ್ತು ನಿಧಾನದ ನೀರು ಸೇರುವ ಗೆರೆಯಲ್ಲಿ, ದೊಡ್ಡದೊಂದು ರೇನ್‌ಬೋ ನಿಂತಿತ್ತು. ಗೈಡ್ ಬೆರಳು ತೋರಿಸಿ ಐದು ನಿಮಿಷ ಕಾದ ಮೇಲೆ ನನಗೆ ಕಂಡದ್ದು. ಆರನೆಯದೋ ಏಳನೆಯದೋ ಸಲ ನೊಣ ಹೋದಾಗ ಸೈಟರ್ ನಿಂತಿತು. ಎಳೆದೆ. ಹೊಳೆಯೇ ಎದ್ದ ಹಾಗಾಯಿತು.

ನಾನು ಹೆದರಿದೆ. ತುದಿಯ ದಾರ ಬರೀ 0.13 ಮಿಲಿಮೀಟರ್ ದಪ್ಪ. "ರಾಡ್ ಮಲಗಿಸಿ ಪಕ್ಕಕ್ಕೆ ಎಳಿ, ಬೇಗ ಮುಗಿಸು" ಅಂತ ಗೈಡ್ ಕೂಗುತ್ತಿದ್ದಾರೆ. ನಾನು ರಾಡ್ ಮೇಲಕ್ಕೆತ್ತಿ, ದಾರ ಬಿಟ್ಟು, ಮತ್ತೆ ಸುತ್ತಿ, ಮತ್ತೆ ಬಿಟ್ಟು ಎಂಟು-ಹತ್ತು ನಿಮಿಷ ಎಳೆದಾಡಿದೆ. ಕೊನೆಗೆ ಅದು ಬಲೆಗೆ ಬಂದಾಗ ಒದ್ದಾಡಲೂ ಇಲ್ಲ. ಹದಿನೇಳು ಇಂಚು. ಪಕ್ಕದಲ್ಲಿ ಗುಲಾಬಿ ಪಟ್ಟಿ, ಕೆನ್ನೆಯಲ್ಲಿ ಸಂಜೆಯ ಬಣ್ಣ.

"ಫೋಟೊ?" ಅಂದೆ.

"ಕೈ ಒದ್ದೆ ಮಾಡ್ಕೊ. ಮೂರು ಎಣಿಸ್ತೀನಿ, ಅಷ್ಟೇ" ಅಂದರು.

ಮೂರು ಎಣಿಸಿದರು. ಫೋಟೊದಲ್ಲಿ ನನ್ನ ಕಣ್ಣು ಮುಚ್ಚಿತ್ತು. "ಇನ್ನೊಂದೇ ಒಂದು" ಅಂದೆ. ಅವರು ಬೇಡ ಅನ್ನುವಷ್ಟರಲ್ಲಿ ನಾನು ಮತ್ತೆ ಎತ್ತಿಯಾಗಿತ್ತು. ಮೀನು ಕೈಯಿಂದ ಜಾರಿತು. ತಬ್ಬಿ ಹಿಡಿದೆ, ಎದೆಗೆ ಒತ್ತಿಕೊಂಡೆ, ನೆಟ್ಟಗೆ ಮಾಡಿ ನಕ್ಕೆ. ಕ್ಲಿಕ್. ಎಷ್ಟು ಹೊತ್ತಾಗಿರಬಹುದು? ಆ ಫೋಟೊಗಳ ಸಮಯ ಆಮೇಲೆ ನೋಡಿದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಲವತ್ತೊಂದು ಸೆಕೆಂಡ್ ಅಂತರ.

ನೀರಿಗೆ ಬಿಟ್ಟಾಗ ಅದು ನಿಧಾನಕ್ಕೆ ಮಗುಚಿ ಹೊಟ್ಟೆ ಮೇಲಾಯಿತು. ಬಿಳೀ ಹೊಟ್ಟೆ.

ಗೈಡ್ ಒಂದೂ ಮಾತಾಡದೆ ನನ್ನನ್ನು ಸರಿಸಿ, ನೀರಿಗೆ ಕೂತು, ಒಂದು ಕೈ ಹೊಟ್ಟೆಯ ಕೆಳಗೆ, ಒಂದು ಕೈ ಬಾಲದ ಬುಡಕ್ಕೆ ಕೊಟ್ಟು ಅದರ ಮುಖವನ್ನು ಹರಿವಿಗೆ ಎದುರು ಹಿಡಿದರು. ಹಿಂದೆ ಮುಂದೆ ಅಲ್ಲಾಡಿಸಬಾರದು, ಬಾಯಿಂದ ಕಿವಿರಿಗೆ ನೀರು ತಾನಾಗಿ ಹಾಯಬೇಕು ಅಂತ ಬೆಳಿಗ್ಗೆಯೇ ಹೇಳಿದ್ದರು. ಒಂದು ನಿಮಿಷ. ಎರಡು. ನಾನು ಮೊಣಕಾಲು ನೀರಿನಲ್ಲಿ ನಿಂತು ಏನು ಮಾಡಬೇಕೋ ತಿಳಿಯದೆ, ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದ ಯಾವುದೋ ಶ್ಲೋಕದ ಮೊದಲ ಅರ್ಧವನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ಉಳಿದರ್ಧ ಮರೆತುಹೋಗಿತ್ತು. ನಾಲ್ಕನೇ ನಿಮಿಷಕ್ಕೆ ಕಿವಿರು ಅಗಲವಾಗಿ ತೆರೆಯಿತು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಬಾಲ ಅಲ್ಲಾಡಿತು. ಗೈಡ್ ಕೈ ಸಡಿಲಿಸಿದರು. ಮೀನು ಓಡಲಿಲ್ಲ, ಮುದುಕರು ಮೆಟ್ಟಿಲಿಳಿದಂತೆ ಆಳಕ್ಕೆ ಇಳಿದು ಹೋಯಿತು.

"ಬದುಕಿತು ಅಲ್ವಾ?" ಕೇಳಿದೆ.

"ಹೋಯಿತು" ಅಂದರು. "ಹೋಯಿತು ಅಂದರೆ ಬದುಕಿತು ಅಂತ ಅಲ್ಲ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೆ ಇನ್ನೂ ಮೂರು ಮೀನು ಸಿಕ್ಕಿತು. ಒಂದನ್ನೂ ನೀರಿನಿಂದ ಮೇಲೆತ್ತಲಿಲ್ಲ. ದಾರ ಬಿಗಿಯಿಟ್ಟು, ರಾಡ್ ಮಲಗಿಸಿ ಪಕ್ಕಕ್ಕೆ ಎಳೆಯುವುದನ್ನು ಆಗ ಸರಿಯಾಗಿ ಕಲಿತೆ. ಒಂದೂವರೆ ನಿಮಿಷದಲ್ಲಿ ಮೀನು ಬಲೆಗೆ ಬರುತ್ತಿತ್ತು. ಇಡೀ ದಿನದಲ್ಲಿ ಕಲಿತದ್ದರಲ್ಲಿ ಅದೇ ದೊಡ್ಡದು. ಕಲಿಯಲು ತೆತ್ತದ್ದು ನಾನಲ್ಲ.

ಅಮ್ಮನಿಗೆ ಹೇಳಿದ್ದು

ಆ ರಾತ್ರಿ ನಿದ್ದೆ ಬರದೆ ಓದುತ್ತಾ ಕೂತೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಕ್ಕಿತು. ರೇನ್‌ಬೋ ಟ್ರೌಟ್‌ಗಳನ್ನು ತೊಟ್ಟಿಯಲ್ಲಿ ಪೂರ್ತಿ ಸುಸ್ತಾಗುವಂತೆ ಮಾಡಿ ನೋಡಿದ್ದಾರೆ. ಸುಸ್ತು ಮಾತ್ರ ಆದವುಗಳಲ್ಲಿ 100ಕ್ಕೆ 88 ಬದುಕಿದವು. ಸುಸ್ತಾದ ಮೇಲೆ 30 ಸೆಕೆಂಡ್ ಗಾಳಿಯಲ್ಲಿ ಹಿಡಿದವುಗಳಲ್ಲಿ ಬದುಕಿದ್ದು 62. ಒಂದು ನಿಮಿಷ ಹಿಡಿದರೆ 28. ಅದು ಪ್ರಯೋಗಾಲಯದ ಕಠಿಣ ಪರೀಕ್ಷೆ, ತಣ್ಣನೆಯ ಹೊಳೆಯಲ್ಲಿ ಹುಷಾರಾಗಿ ಬಿಟ್ಟ ಮೀನುಗಳಲ್ಲಿ ಬಹುಪಾಲು ಬದುಕುತ್ತವೆ ಅನ್ನುವುದನ್ನೂ ಓದಿದೆ. ಆದರೂ ನಲವತ್ತೊಂದು ಅನ್ನೋ ಸಂಖ್ಯೆ ತಲೆಯಿಂದ ಹೋಗಲಿಲ್ಲ.

ಭಾನುವಾರ ಅಮ್ಮ ಫೋನ್ ಮಾಡಿದಾಗ ಎಲ್ಲ ಹೇಳಿಬಿಟ್ಟೆ. ಫೋಟೊ ಮಾತ್ರ ಕಳಿಸಲಿಲ್ಲ. ಅದನ್ನು ಎಲ್ಲೂ ಹಾಕಿಲ್ಲ, ಡಿಲೀಟ್ ಮಾಡಲೂ ಆಗಿಲ್ಲ. ಅದರಲ್ಲಿ ನಾನು ಬಹಳ ಚೆನ್ನಾಗಿ ನಗುತ್ತಿದ್ದೇನೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ನನ್ನ ಪರವಾಗಿ ವಾದ ಶುರುಮಾಡಿದೆ. ನಮ್ಮ ಕಾವೇರಿಯ ಮಹಶೀರ್ ಕಥೆ ಹೇಳಿದೆ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗುವ ಮಹಶೀರ್ ಸಿಕ್ಕಿತ್ತು. ಆ ಡುಬ್ಬದ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಭೀಮೇಶ್ವರಿ, ಗಾಲಿಬೋರೆ ಕ್ಯಾಂಪ್‌ಗಳಲ್ಲಿ ಹಿಡಿದು ಬಿಡುವ ಗಾಳಗಾರಿಕೆ ಇದ್ದಾಗ ಊರಿನವರೇ ಕಾವಲಿಗಿದ್ದರು, ಅದು ನಿಂತ ಮೇಲೆ ಕಾವಲೂ ಹೋಯಿತು ಅನ್ನುವ ವಾದವಿದೆ. ಇಲ್ಲಿಯೂ ಅಷ್ಟೇ, ಲೈಸೆನ್ಸ್‌ಗೆ ನಾನು ಕಟ್ಟುವ ದುಡ್ಡು ಹೊಳೆಯ ರಕ್ಷಣೆಗೇ ಹೋಗುತ್ತದೆ.

"ಅದೆಲ್ಲ ಸರಿನೇ ಇರ್ಬಹುದು" ಅಂದರು ಅಮ್ಮ. "ಆದ್ರೆ ನೀನು ಹೋಗಿದ್ದು ಹೊಳೆ ಕಾಯೋಕಾ?"

ಅಲ್ಲ. ನಾನು ಹೋಗಿದ್ದು ಖುಷಿಗೆ. ಅದನ್ನು ಒಪ್ಪಿಕೊಂಡ ಮೇಲೆ ಮಾತು ಹಗುರವಾಯಿತು.

ಆಮೇಲೆ ಕೆಲವು ನಿಯಮ ಮಾಡಿಕೊಂಡಿದ್ದೇನೆ. ಮೀನು ನೀರಿನಿಂದ ಮೇಲೆ ಬರುವುದಿಲ್ಲ. ದಿನಕ್ಕೆ ಐದು ಸಿಕ್ಕಿದರೆ ರಾಡ್ ಬಿಚ್ಚಿ ಚೀಲಕ್ಕೆ. ಬೇಸಿಗೆಯಲ್ಲಿ ಥರ್ಮಾಮೀಟರ್ ಜೇಬಿನಲ್ಲಿರುತ್ತದೆ, ನೀರು 19 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮನೆಗೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಟ್ರೌಟ್ ಸುಧಾರಿಸಿಕೊಳ್ಳುವುದಿಲ್ಲ. ಕೊಕ್ಕೆಯ ಮೊನೆಯನ್ನೇ ಕತ್ತರಿಸಿ ಬರೀ ನೊಣ ಬಿಡುವವರೂ ಇದ್ದಾರೆ ಅಂತ ಕೇಳಿ ಒಂದು ದಿನ ಅದನ್ನೂ ಮಾಡಿದೆ. ಸೈಟರ್ ನಿಲ್ಲುತ್ತದೆ, ಎಳೆಯುತ್ತೇನೆ, ಅರ್ಧ ಸೆಕೆಂಡ್ ಜೀವ ಕೈಗೆ ತಾಗುತ್ತದೆ, ಖಾಲಿ. ಸುಳ್ಳು ಯಾಕೆ ಹೇಳಲಿ, ನನಗೆ ಅಷ್ಟು ಸಾಕಾಗಲಿಲ್ಲ. ಮುಂದಿನ ವಾರ ಮೊನೆಯಿರುವ ಕೊಕ್ಕೆಯೇ ಕಟ್ಟಿದೆ.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಮ್ಮನ ಜೊತೆ ಶೃಂಗೇರಿಗೆ ಹೋದೆ. ಮೆಟ್ಟಿಲ ಹತ್ತಿರದ ಮೀನುಗಳ ಗಲಾಟೆ ಬಿಟ್ಟು, ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ತುಂಗೆ ನನಗೆ ಓದಲು ಬಂತು. ಬಂಡೆಯ ಹಿಂದೆ ನಿಧಾನದ ನೀರು, ಪಕ್ಕದಲ್ಲಿ ವೇಗದ ನೀರು, ಎರಡೂ ಸೇರುವ ಗೆರೆ. ಆ ಗೆರೆಯಲ್ಲಿ ಸರಿಯಾಗಿ ನಾಲ್ಕು ಮೀನು, ಮುಖ ಹರಿವಿಗೆ ಎದುರು. ಕಷ್ಟಪಡದೆ ನಿಲ್ಲುವ ಜಾಗ, ತೇಲಿ ಬಂದದ್ದನ್ನು ಕತ್ತು ತಿರುಗಿಸಿ ತಿನ್ನುವ ಜಾಗ. ಅಮ್ಮನಿಗೆ ಬೆರಳು ತೋರಿಸಿ ವಿವರಿಸಿದೆ. ಮೊದಲು ಅವರಿಗೆ ಕಾಣಲಿಲ್ಲ. ಆಮೇಲೆ ಕಂಡಿತು. "ಅಯ್ಯ, ಹೌದಲ್ಲ! ಒಂದರ ಹಿಂದೆ ಒಂದು" ಅಂದು ಕಂಬಿಗೆ ಬಗ್ಗಿ ಮಗುವಿನ ಹಾಗೆ ನೋಡುತ್ತಾ ನಿಂತರು.

ಬಹಳ ಹೊತ್ತಿನ ಮೇಲೆ ಕೇಳಿದರು, "ಗಾಳ ಹಿಡೀದೆ ಇದನ್ನೆಲ್ಲ ಕಲಿಯೋಕೆ ಆಗ್ತಿರ್ಲಿಲ್ವನಾ?"

ಆಗುತ್ತಿತ್ತೇನೋ. ಆದರೆ ನಾನು ಕಲಿತಿರಲಿಲ್ಲ. ಹಾಗೆ ಹೇಳಲು ಬಾಯಿ ಬರಲಿಲ್ಲ. ಅಮ್ಮ ಮಂಡಕ್ಕಿ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲ ಕಡೆ ನಡೆದರು.